ಕ್ಯಾಲ್ಕ್ ಕೈಕೊಟ್ಟರೆ ಮೊದಲು ಸೊನ್ನೆಯನ್ನು ನೋಡಿ

ವೆಬ್ ಪುಟದ ವಿನ್ಯಾಸ ಬರೆಯುವ ಭಾಷೆಯಾದ ಸಿಎಸ್‌ಎಸ್‌ನಲ್ಲಿ ಉದ್ದವನ್ನು ಲೆಕ್ಕ ಹಾಕಿಕೊಡುವ ಕ್ಯಾಲ್ಕ್ (calc) ಬಳಸಲು ಕೆಲವರು ಈಗಲೂ ಹಿಂಜರಿಯುತ್ತಾರೆ. ದಯವಿಟ್ಟು ಆ ಅಳುಕು ಬಿಡಿ. ಫೈರ್‌ಫಾಕ್ಸ್ 2012ರಲ್ಲಿ ಬಂದ 16ನೇ ಆವೃತ್ತಿಯಿಂದ, ಕ್ರೋಮ್ 2013ರ 26ನೇ ಆವೃತ್ತಿಯಿಂದ ಇದನ್ನು ಪ್ರಿಫಿಕ್ಸ್ (ಹೆಸರಿನ ಮುಂದೆ ಸೇರಿಸುವ ಬ್ರೌಸರ್‌ನ ಗುರುತು) ಇಲ್ಲದೆಯೇ ಒಪ್ಪುತ್ತಿವೆ. ಹಳೆಯ ಕಡತಗಳಲ್ಲಿ ಉಳಿದಿರುವ ವೆಬ್‌ಕಿಟ್, ಮೋಜ್ ಪ್ರಿಫಿಕ್ಸ್ ಇರುವ ಕ್ಯಾಲ್ಕ್ ಸಾಲುಗಳನ್ನು ಧೈರ್ಯವಾಗಿ ಅಳಿಸಬಹುದು.

ನಿಮ್ಮ ಓದುಗರಲ್ಲಿ ಕ್ಯಾಲ್ಕ್ ಅರ್ಥವಾಗದ ಒಪೆರಾ ಮಿನಿ ಬ್ರೌಸರ್ ಬಳಸುವವರಿದ್ದರೆ ಮೊದಲು 70% ಎಂಬಂತಹ ಸಾದಾ ಅಗಲವನ್ನು ಬರೆದು, ಅದರ ಕೆಳಗೆ ಕ್ಯಾಲ್ಕ್ ಸಾಲನ್ನು ಇಡಿ. ಅರ್ಥವಾಗದ ಸಾಲನ್ನು ಬ್ರೌಸರ್ ಕೈಬಿಡುತ್ತದೆ, ಮೇಲಿನದು ಉಳಿಯುತ್ತದೆ.

ನಿಜವಾದ ತೊಂದರೆ ಬರುವುದು ಬರವಣಿಗೆಯಲ್ಲಿ. ಕೂಡುವ, ಕಳೆಯುವ ಚಿಹ್ನೆಗಳ ಎರಡೂ ಬದಿಗೆ ಖಾಲಿ ಜಾಗ ಇರಲೇಬೇಕು. ಗುಣಾಕಾರ, ಭಾಗಾಕಾರಗಳಿಗೆ ಆ ಕಟ್ಟುಪಾಡಿಲ್ಲ.

ಇನ್ನು ಸೊನ್ನೆ. ಬೇರೆಡೆ ಮಾನವಿಲ್ಲದೆ ಬರಿಯ 0 ಬರೆದರೂ ಅದು ಉದ್ದವಾಗುತ್ತದೆ, ಕ್ಯಾಲ್ಕ್ ಒಳಗೆ ಆಗುವುದಿಲ್ಲ. 100%ರಿಂದ ಬರಿಯ 0 ಕಳೆದರೆ ಇಡೀ ಲೆಕ್ಕವೇ ಅಮಾನ್ಯ. ವೇರಿಯಬಲ್‌ನಲ್ಲಿ (ಹೆಸರು ಕೊಟ್ಟು ಇಟ್ಟ ಮೌಲ್ಯದಲ್ಲಿ) ಇಂಥ ಸೊನ್ನೆ ಅಡಗಿದ್ದರಂತೂ ಪತ್ತೆ ಮಾಡುವುದು ಬಹಳ ಕಷ್ಟ: ಓದುವ ಹಂತದಲ್ಲಿ ಬ್ರೌಸರ್ ಆ ಸಾಲನ್ನು ಒಪ್ಪಿಕೊಂಡಿರುತ್ತದೆ, ಹಾಗಾಗಿ ಮೇಲೆ ಬರೆದಿಟ್ಟ 70% ಕೂಡ ನೆರವಿಗೆ ಬರುವುದಿಲ್ಲ, ಅಗಲ ಆಟೋ (ಬ್ರೌಸರ್ ತಾನೇ ನಿರ್ಧರಿಸುವ ಅಗಲ) ಆಗಿಬಿಡುತ್ತದೆ. ಅಂತರಕ್ಕೆಂದು ಇಟ್ಟ ವೇರಿಯಬಲ್‌ಗಳಲ್ಲಿ ಸೊನ್ನೆಗೂ ಪಿಕ್ಸೆಲ್ ಮಾನ ಸೇರಿಸಿಯೇ (0px) ಬರೆಯಿರಿ.