ಘಾಟಿ ಮಂಜಿಗೆ ಫಾಗ್ ಲ್ಯಾಂಪ್: ಮನೆಯಲ್ಲೇ ಹಾಕಿಕೊಳ್ಳುವ ಬಗೆ

ತೀರ್ಥಹಳ್ಳಿಯ ನನ್ನ ಪಂಪ್‌ಸೆಟ್ ರಿಪೇರಿ ಅಂಗಡಿಗೆ ಬೈಕ್ ತಂದು, ‘ಅಣ್ಣಾ, ಏನಾದ್ರೂ ಎಕ್ಸ್‌ಟ್ರಾ ಫಿಟ್ಟಿಂಗ್ ಹಾಕ್ಬೇಕು’ ಅನ್ನುವ ಹುಡುಗರಿಗೆ ನನ್ನದು ಒಂದೇ ಪ್ರಶ್ನೆ: ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿಯೋದಿದೆಯಾ? ಇದ್ದರೆ ಫಾಗ್ ಲ್ಯಾಂಪ್ ಹಾಕು. ಸೈಲೆನ್ಸರ್ ಬದಲಾಯಿಸುವ ಮಾತು ನನ್ನ ಹತ್ರ ಬೇಡ. ಅದು ಕಾನೂನಿಗೂ ಆಗೋದಿಲ್ಲ, ಊರಿನವರ ನಿದ್ದೆಗೂ ಆಗೋದಿಲ್ಲ.

ಲೈಟ್ ಹಳದಿಯದ್ದೇ ಇರಲಿ, ಬೆಳಕು ಅಗಲಕ್ಕೆ ಹರಡುವಂಥದ್ದು. ಕ್ರ್ಯಾಶ್ ಗಾರ್ಡಿಗೆ, ಹೆಡ್‌ಲೈಟಿಗಿಂತ ಕೆಳಗೆ ಕೂರಿಸಿ. ಮೇಲಿಟ್ಟರೆ ಮಂಜಿಗೆ ಬಡಿದ ಬೆಳಕು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. 100 ಸಿಸಿ ಬೈಕಿನವರು ವ್ಯಾಟ್ ಕಡಿಮೆ ಇಟ್ಟುಕೊಳ್ಳಿ, ಜಾಸ್ತಿ ಲೋಡನ್ನು ಅದರ ಚಾರ್ಜಿಂಗ್ ತಾಳೋದಿಲ್ಲ.

ದುಡ್ಡು ಖರ್ಚು ಮಾಡೋದಾದರೆ ವೈರಿಂಗಿಗೆ ಮಾಡಿ, ಮಾರಾಯ್ರೇ. ಹೆಡ್‌ಲೈಟ್ ವೈರನ್ನೇ ಸೀಳಿ ಜೋಡಿಸುವವರಿದ್ದಾರೆ. ಆ ವೈರಿಗೂ ಸ್ವಿಚ್ಚಿಗೂ ಅಷ್ಟು ಲೋಡ್ ಹೊರುವ ಶಕ್ತಿ ಇಲ್ಲ. ನಾಲ್ಕು ಪಿನ್ನಿನ 12 ವೋಲ್ಟ್ ರಿಲೇ ತನ್ನಿ, ಅಂದರೆ ಸ್ವಿಚ್ಚಿನ ಸಣ್ಣ ಕರೆಂಟಿನಿಂದ ಲೈಟಿನ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಡಬ್ಬಿ. ಕೆಲಸಕ್ಕೆ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ. ಪಾಸಿಟಿವ್‌ನಿಂದ ಹೊರಟ ವೈರ್ ಫ್ಯೂಸ್ ದಾಟಿ ರಿಲೇಯಲ್ಲಿ 30 ಅಂತ ನಂಬರ್ ಇರುವ ಪಿನ್ನಿಗೆ. 87ರಿಂದ ಲೈಟುಗಳಿಗೆ. 85 ಅರ್ತಿಂಗಿಗೆ, ಅಂದರೆ ಬೈಕಿನ ಫ್ರೇಮಿಗೆ. 86ಕ್ಕೆ ಹ್ಯಾಂಡಲ್ ಮೇಲಿನ ಸ್ವಿಚ್ಚಿನ ವೈರ್. ಆ ಸ್ವಿಚ್ಚಿಗೆ ಕರೆಂಟು ಕೀ ತಿರುಗಿಸಿದಾಗ ಮಾತ್ರ ಬರುವ ಲೈನಿನಿಂದ ಬರಬೇಕು. ಇಲ್ಲದಿದ್ದರೆ ಯಾರೋ ಸ್ವಿಚ್ ಒತ್ತಿ ಹೋದರೂ ಬೆಳಿಗ್ಗೆ ಬ್ಯಾಟರಿ ಖಾಲಿ. 20 ವ್ಯಾಟಿನ ಎರಡು ಲೈಟು ಎಳೆಯೋದು ಸುಮಾರು 3.3 ಆಂಪಿಯರ್, 5 ಆಂಪಿಯರ್ ಫ್ಯೂಸ್ ಸಾಕು. ಫ್ಯೂಸನ್ನು ಬ್ಯಾಟರಿಯ ಪಕ್ಕದಲ್ಲೇ ಇಡಿ. ದೂರ ಇಟ್ಟರೆ ಮಧ್ಯದ ವೈರಿಗೆ ದಿಕ್ಕಿಲ್ಲ.

ಬಯಲುಸೀಮೆಯಲ್ಲಾದರೆ ಕೆಲಸ ಇಲ್ಲಿಗೆ ಮುಗಿಯುತ್ತಿತ್ತು. ನಮ್ಮಲ್ಲಿ ನೀರು ಜಾಯಿಂಟನ್ನು ಹುಡುಕಿಕೊಂಡು ಬರುತ್ತದೆ. ಕಪ್ಪು ಇನ್ಸುಲೇಶನ್ ಟೇಪ್ ಒಂದನ್ನೇ ನಂಬಬೇಡಿ. ಜಡಿಮಳೆಗೆ ಅದರ ಅಂಟು ಬಿಡುತ್ತದೆ, ಒಳಗೆ ತಾಮ್ರ ಹಸಿರುಗಟ್ಟುತ್ತದೆ. ವೈರ್ ಸೇರಿಸುವ ಮೊದಲೇ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿಗೆ ಕುಗ್ಗಿ ವೈರಿಗೆ ಬಿಗಿಯುವ ಕೊಳವೆ) ತೂರಿಸಿಟ್ಟು, ಬೆಸುಗೆ ಹಾಕಿ, ಮೇಲೆಳೆದು ಬಿಸಿ ಮಾಡಿ. ರಿಲೇಯನ್ನು ಸೀಟಿನಡಿ ಪಿನ್ ಕೆಳಮುಖವಾಗಿ ಕಟ್ಟಿ. ಲೈಟಿಗೆ ಹೋಗುವ ವೈರ್ ಒಂದು ಸುತ್ತು ಕೆಳಗೆ ಜೋತು ಮತ್ತೆ ಮೇಲೇರಲಿ. ಆಗ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಕನೆಕ್ಟರ್ ಒಳಗೆ ಇಳಿಯೋದಿಲ್ಲ.

ಕೇಬಲ್ ಟೈ ಬಿಗಿಯುವ ಮುಂಚೆ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿ. ವೈರ್ ಎಳೆದುಕೊಂಡರೆ ಇನ್ನಷ್ಟು ಸಡಿಲ ಕೊಡಿ. ಸೈಲೆನ್ಸರಿಗೆ ತಾಗದಂತೆಯೂ ನೋಡಿಕೊಳ್ಳಿ.

ಕತ್ತಲಾದ ಮೇಲೆ ಸಮನೆಲದಲ್ಲಿ, ಗೋಡೆಯಿಂದ 5 ಮೀಟರ್ ದೂರ ಬೈಕ್ ನಿಲ್ಲಿಸಿ ಒಬ್ಬರನ್ನು ಮೇಲೆ ಕೂರಿಸಿ. ಗೋಡೆ ಮೇಲಿನ ಬೆಳಕಿನ ಮೇಲಂಚು ಲೈಟಿನ ಎತ್ತರಕ್ಕಿಂತ ಕೆಳಗೇ ಇರಬೇಕು. ತಿರುವಿನಲ್ಲಿ ಎದುರು ಬರುವ ಬಸ್ಸಿನ ಡ್ರೈವರ್ ಕಣ್ಣು ಕುಕ್ಕಿದರೆ ಜಾಗ ಬಿಡಬೇಕಾದ್ದು ಅವರಲ್ಲ, ಕಂದಕದ ಬದಿಯಲ್ಲಿರುವ ನೀವು. ಶಿವಮೊಗ್ಗ ಪೇಟೆ ಹೊಕ್ಕ ಮೇಲೆ ಆಫ್ ಮಾಡಿ. ಗಾಂಧಿ ಬಜಾರಿನಲ್ಲಿ ಯಾವ ಮಂಜೂ ಇರೋದಿಲ್ಲ.