ಪೋಸ್ಟ್‌ಗ್ರೆಸ್ ಅಪ್‌ಗ್ರೇಡ್‌ಗೆ ಸಮುದಾಯದ ಸಹಾಯ ಕೇಳುವುದು ಹೇಗೆ?

ಶಿರಸಿಯ ಒಂದು ಅಡಿಕೆ ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಸದಸ್ಯರ ಖಾತೆ, ರಾಶಿ, ಚಾಲಿ, ಬೆಟ್ಟೆ ಎಂಬ ಅಡಿಕೆ ಬಗೆಗಳ ತೂಕ, ಟೆಂಡರ್ ದರ, ಸಾಲದ ಬಾಕಿ ಎಲ್ಲವೂ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿವೆ. ನಮ್ಮಲ್ಲಿದ್ದದ್ದು 12ನೇ ಆವೃತ್ತಿ. ಪ್ರತಿ ದೊಡ್ಡ ಆವೃತ್ತಿಗೆ ಸುಮಾರು 5 ವರ್ಷ ರಿಪೇರಿ ಸಿಗುತ್ತದೆ. 12ಕ್ಕೆ ಅದು 2024ರ ನವೆಂಬರ್‌ನಲ್ಲಿ ಮುಗಿಯಿತು. ಆಮೇಲೆ ಭದ್ರತೆಯ ದೋಷ ಸಿಕ್ಕರೂ ಸರಿಮಾಡಿ ಕೊಡುವುದಿಲ್ಲ. ರೈತರ ದುಡ್ಡಿನ ಲೆಕ್ಕವನ್ನು ಹಾಗೆ ಇಡಬಾರದು. ಅದಕ್ಕೇ 17ಕ್ಕೆ ಹೋದೆವು. 13, 14 ಅಂತ ಒಂದೊಂದೇ ಮೆಟ್ಟಿಲು ಹತ್ತಬೇಕಿಲ್ಲ, ನೇರ ಹೋಗಬಹುದು.

ಪೋಸ್ಟ್‌ಗ್ರೆಸ್ ಬಳಗದಲ್ಲಿ ಸಹಾಯ ಮಾಡುವವರು ತಮ್ಮ ಬಿಡುವಿನಲ್ಲಿ, ಪ್ರೀತಿಯಿಂದ ಮಾಡುತ್ತಾರೆ. "ಅಪ್‌ಗ್ರೇಡ್ ಆಗ್ತಿಲ್ಲ, ಅರ್ಜೆಂಟ್" ಅಂತಷ್ಟೇ ಬರೆದರೆ ಪಾಪ, ಅವರಾದರೂ ಏನು ಹೇಳಬೇಕು? ಈಗಿನ ಆವೃತ್ತಿಯ ಪೂರ್ತಿ ಸಂಖ್ಯೆ ಕೊಡಿ. 12 ಅಂದರೆ ಸಾಲದು, 12.22 ಅನ್ನಬೇಕು. ಹೋಗಬೇಕಾದ ಆವೃತ್ತಿ, ಡೇಟಾ ಎಷ್ಟು ಜಿಬಿ, ಯಾವ ಎಕ್ಸ್‌ಟೆನ್ಷನ್‌ಗಳು (ಹೆಚ್ಚುವರಿಯಾಗಿ ಸೇರಿಸಿದ ಸೌಲಭ್ಯಗಳು) ಇವೆ, ಎಷ್ಟು ಹೊತ್ತು ಕೆಲಸ ನಿಲ್ಲಿಸಬಹುದು ಎಂಬುದನ್ನೂ ಬರೆಯಿರಿ. ಡೇಟಾ ಹೊರತೆಗೆದು ಹೊಸದರಲ್ಲಿ ತುಂಬುವ ಪಿಜಿ ಡಂಪ್ ದಾರಿಯೋ, ಇದ್ದ ಡೇಟಾ ಫೈಲ್‌ಗಳನ್ನೇ ಹೊಸ ಆವೃತ್ತಿಗೆ ಒಯ್ಯುವ ಪಿಜಿ ಅಪ್‌ಗ್ರೇಡ್ ದಾರಿಯೋ ಅನ್ನುವುದನ್ನೂ ಹೇಳಿ.

ಜನ ಹೆಚ್ಚಾಗಿ ಬಿಟ್ಟುಬಿಡುವುದು ಆಪರೇಟಿಂಗ್ ಸಿಸ್ಟಮ್ (ಓಎಸ್) ವಿಷಯ. ಅದನ್ನು ದಯವಿಟ್ಟು ಬಿಡಬೇಡಿ. ಹಳೆಯದು ಉಬುಂಟು 18.04, ಹೊಸದು 22.04 ಅಂತಿಟ್ಟುಕೊಳ್ಳಿ. ಇವೆರಡರ ನಡುವೆ, ಓಎಸ್‌ನ ಮೂಲ ಲೈಬ್ರರಿಯಾದ ಜಿಲಿಬ್‌ಸಿಯ 2018ರಲ್ಲಿ ಬಂದ 2.28ನೇ ಆವೃತ್ತಿಯಲ್ಲಿ, ಅಕ್ಷರಗಳನ್ನು ಅನುಕ್ರಮವಾಗಿ ಜೋಡಿಸುವ ನಿಯಮ ಬದಲಾಯಿತು. ಪಿಜಿ ಅಪ್‌ಗ್ರೇಡ್ ಹಳೆಯ ಇಂಡೆಕ್ಸ್‌ಗಳನ್ನು (ಬೇಗ ಹುಡುಕಲು ಇಟ್ಟ ಅನುಕ್ರಮ ಪಟ್ಟಿಗಳನ್ನು) ಹಾಗೇ ತರುತ್ತದೆ. ಅವು ಹಳೆ ನಿಯಮದ್ದು, ಯಂತ್ರ ಹೊಸ ನಿಯಮದ್ದು. ಆಗ ಹೆಸರು ಹುಡುಕಿದರೆ ಇರುವ ಸದಸ್ಯರೇ ಸಿಗದೆ ಹೋಗಬಹುದು. ಗುಮಾಸ್ತರು ಹೊಸ ಸದಸ್ಯರೆಂದು ಇನ್ನೊಂದು ಖಾತೆ ತೆರೆದುಬಿಡುತ್ತಾರೆ. ನಮ್ಮ ಕಡೆ ಒಂದೇ ಊರಲ್ಲಿ ಒಂದೇ ಹೆಸರಿನ ಹೆಗಡೆಯವರು ಎಷ್ಟು ಜನ ಇರುತ್ತಾರೆ, ಗೊತ್ತಲ್ವಾ? ಆ ಗೋಜಲು ಬಿಡಿಸುವುದು ಸುಲಭವಲ್ಲ. ಡಂಪ್ ಮಾಡಿ ತುಂಬಿದರೆ ಇಂಡೆಕ್ಸ್ ಹೊಸದಾಗಿಯೇ ಕಟ್ಟಿಕೊಳ್ಳುತ್ತದೆ. ಇಲ್ಲದಿದ್ದರೆ ರೀಇಂಡೆಕ್ಸ್ ಮಾಡಲೇಬೇಕು. ನೀವು ಓಎಸ್ ಹೇಳಿದರೆ ತಿಳಿದವರು ಈ ಎಚ್ಚರಿಕೆಯನ್ನು ತಾವಾಗಿಯೇ ಕೊಡುತ್ತಾರೆ.

ಕೇಳುವ ಮೊದಲು ಡೇಟಾದ ಒಂದು ಪ್ರತಿ ಮಾಡಿ, ಬೇರೆ ಯಂತ್ರದಲ್ಲಿ ಪ್ರಯೋಗ ಮಾಡಿ. ಪಿಜಿ ಅಪ್‌ಗ್ರೇಡ್‌ಗೆ "ಚೆಕ್" ಆಯ್ಕೆ ಇದೆ. ಅದು ಡೇಟಾ ಮುಟ್ಟುವುದಿಲ್ಲ, ಎಲ್ಲಿ ತೊಂದರೆ ಬರುತ್ತದೆ ಎಂದಷ್ಟೇ ಹೇಳುತ್ತದೆ. ನೀವು ಕೊಟ್ಟ ಕಮಾಂಡ್ ಮತ್ತು ಬಂದ ಎರರ್ ಎರಡನ್ನೂ ಇದ್ದ ಹಾಗೇ ಅಂಟಿಸಿ. ಮೊಬೈಲಿನಲ್ಲಿ ತೆಗೆದ ಸ್ಕ್ರೀನ್ ಫೋಟೊ ಬೇಡ, ಅದರಿಂದ ಯಾರೂ ಪದ ಹುಡುಕಲಾಗದು. ಅಂಟಿಸುವ ಮುಂಚೆ ಪಾಸ್‌ವರ್ಡ್, ಸದಸ್ಯರ ಹೆಸರು, ಖಾತೆ ನಂಬರ್, ಫೋನ್ ನಂಬರ್ ತೆಗೆಯಿರಿ. ಇದರಲ್ಲಿ ನಾನು ತುಂಬಾ ಕಟ್ಟುನಿಟ್ಟು. ಅವರು ನಮ್ಮನ್ನು ನಂಬಿ ಕೊಟ್ಟ ಮಾಹಿತಿ ಅದು.

ಇಂಗ್ಲಿಷ್ ಸರಿಯಿಲ್ಲ ಅಂತ ಹಿಂಜರಿಯಬೇಡಿ. ಸಣ್ಣ ಸಣ್ಣ ವಾಕ್ಯ ಸಾಕು. ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮೂರಿನ ಹುಡುಗರು ಹಬ್ಬಕ್ಕೆ ಬಂದಾಗ ಕೇಳುವುದೂ ಒಳ್ಳೆಯದೇ. ಆದರೆ ನಾಲ್ಕು ಜನರ ಎದುರು ಕೇಳಿದರೆ ಒಬ್ಬರ ಸಲಹೆ ತಪ್ಪಿದ್ದರೆ ಇನ್ನೊಬ್ಬರು ತಿದ್ದುತ್ತಾರೆ.

ಪಿಜಿ ಅಪ್‌ಗ್ರೇಡ್‌ಗೆ "ಲಿಂಕ್ ಆಯ್ಕೆ ಹಾಕಿ, ಬೇಗ ಆಗುತ್ತೆ" ಎನ್ನುವ ಸಲಹೆ ಬಂದೇ ಬರುತ್ತದೆ. ಅದು ಡೇಟಾ ಫೈಲ್‌ಗಳನ್ನು ನಕಲು ಮಾಡದೆ ಹಳೆಯವನ್ನೇ ಬಳಸುತ್ತದೆ. ಬೇಗ ಆಗುವುದು ನಿಜ. ಆದರೆ ಆ ದಾರಿಯಲ್ಲಿ ಹೊಸ ಸರ್ವರ್ ಒಮ್ಮೆ ಶುರುವಾದರೆ ಹಳೆಯದಕ್ಕೆ ಮರಳಲಾಗದು. ಬೇರೆ ಬ್ಯಾಕಪ್ ಇಲ್ಲದೆ ಅದು ಬೇಡ.

ಕೆಲಸಕ್ಕೆ ಟೆಂಡರ್ ಇಲ್ಲದ ದಿನ ಆರಿಸಿ. ಮಳೆಗಾಲದಲ್ಲಿ ಕರೆಂಟೂ ನೆಟ್ಟೂ ಒಟ್ಟಿಗೆ ಹೋಗುತ್ತವೆ. ಯುಪಿಎಸ್ ನೋಡಿಕೊಳ್ಳಿ, ಸಲಹೆಗಳನ್ನು ಮೊದಲೇ ಪ್ರಿಂಟ್ ತೆಗೆದಿಡಿ. 17ಕ್ಕೆ ಪಿಜಿ ಅಪ್‌ಗ್ರೇಡ್ ಮಾಡಿದ ಮೇಲೆ ಅನಲೈಜ್ (ಡೇಟಾದ ಅಂಕಿಅಂಶ ಹೊಸದಾಗಿ ಕಲೆಹಾಕುವ ಕಮಾಂಡ್) ಓಡಿಸಿ, ಇಲ್ಲದಿದ್ದರೆ ಎಲ್ಲವೂ ನಿಧಾನ ಅನಿಸುತ್ತದೆ. ಕಾನ್ಫಿಗರೇಷನ್ ಫೈಲ್‌ಗಳು ತಾವಾಗಿ ಬರುವುದಿಲ್ಲ, ನೀವೇ ಹೊಂದಿಸಬೇಕು.

ಎಲ್ಲ ಸರಿಯಾದ ಮೇಲೆ ಸಹಾಯ ಮಾಡಿದವರಿಗೆ ಯಾವ ಸಲಹೆ ಕೆಲಸ ಮಾಡಿತು ಅಂತ ಬರೆದು ತಿಳಿಸಿ. ಇನ್ನೊಂದು ಸಂಘದವರಿಗೆ ಅದೇ ಎರರ್ ಬಂದಾಗ ಆ ಉತ್ತರ ಬೇಕಾಗುತ್ತದೆ. ಹಳೆಯ ಡೇಟಾ ಫೋಲ್ಡರ್ ಅಳಿಸುವ ಆತುರ ಬೇಡ. ಹೊಸದರಲ್ಲಿ ಕೆಲವು ಟೆಂಡರ್ ನಡೆದು, ಬಾಕಿ ಪಟ್ಟಿ ತಾಳೆಯಾಗುವವರೆಗೆ ಅದು ಅಲ್ಲೇ ಇರಲಿ.