ಕೆಂಪು ಫೆರಾರಿಯ ತೆಳು ಬಣ್ಣದ ಜೊತೆ ನಾಲ್ಕು ದಿನ

ಬಿಳಿ ಬನಿಯನ್ ಬಟ್ಟೆಯ ತುಂಡಿಗೆ ಒಂದು ಹನಿ ಪಾಲಿಶ್ ಹಾಕಿಕೊಂಡು, ಬಾಗಿಲಿನ ತಳದಲ್ಲಿ ಯಾರ ಕಣ್ಣಿಗೂ ಬೀಳದ ಜಾಗವನ್ನು ಮೆಲ್ಲಗೆ ಹತ್ತು ಸಲ ಉಜ್ಜಿದೆ. ಬಟ್ಟೆ ಕೆಂಪಾಯಿತು. ಈ ಕಾರಿನ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇಲ್ಲವೆಂದು ಅಲ್ಲಿಗೆ ಖಾತ್ರಿಯಾಯಿತು.

ಕಾರು 1987ರ ಫೆರಾರಿ 328 ಜಿಟಿಎಸ್. ಮಾಲೀಕರು ಮೈಸೂರಿನವರು, ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ನೆಲೆಸಿ ದಶಕಗಳಾಗಿವೆ. ನಾನು ಅದೇ ಸುತ್ತಿನ ಊರುಗಳಲ್ಲಿ ಹನ್ನೆರಡು ವರ್ಷಗಳಿಂದ ಹಳೆಯ ಕಾರುಗಳಿಗೆ ಹೊಳಪು ಕೊಡುವ ಕೆಲಸ ಮಾಡುತ್ತಿದ್ದೇನೆ. "ಎಷ್ಟು ದಿನ ಬೇಕಾದರೂ ತೆಗೆದುಕೊಳ್ಳಿ. ಆದರೆ ಕಾರ್ಖಾನೆಯಲ್ಲಿ ಹಚ್ಚಿದ ಬಣ್ಣ ಹಾಗೆಯೇ ಉಳಿಯಬೇಕು" ಎಂದು ಅವರು ಮೊದಲೇ ಹೇಳಿದ್ದರು. ಇನ್ನೊಮ್ಮೆ ಬಣ್ಣ ಹೊಡೆಸುವುದು ಅವರಿಗೆ ಕಷ್ಟವಾಗಿರಲಿಲ್ಲ. ಆದರೆ ಮೊದಲ ಬಣ್ಣವನ್ನು ಇನ್ನೊಮ್ಮೆ ಹೊಡೆಸಲು ಯಾರಿಂದಲೂ ಆಗದು.

ಇಂದಿನ ಬಹುತೇಕ ಕಾರುಗಳಲ್ಲಿ ಲೋಹಕ್ಕೆ ಮೊದಲು ಬಳಿಯುವ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್ ಇರುತ್ತದೆ. ಪಾಲಿಶ್ ಮಾಡುವಾಗ ಸವೆಯುವುದು ಆ ಮೇಲಿನ ಪದರ. ಈ ಕಾರಿನಲ್ಲಿರುವಂಥ ಸಿಂಗಲ್ ಸ್ಟೇಜ್ ಬಣ್ಣದಲ್ಲಿ ಬಣ್ಣವೂ ಹೊಳಪೂ ಒಂದೇ ಪದರ, ಉಜ್ಜಿದಷ್ಟೂ ಹೋಗುವುದು ಬಣ್ಣವೇ. ನಾನು ಚನ್ನಪಟ್ಟಣದ ಕಡೆಯವನಾದ್ದರಿಂದ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ತಿರುಗುವ ಹಾಲೆ ಮರದ ತುಂಡಿಗೆ ಬಣ್ಣದ ಅರಗನ್ನು ಒತ್ತಿ ಹಿಡಿದು, ಆ ಅರಗಿನ ಮೇಲೆಯೇ ಒಣಗಿದ ಗರಿಯನ್ನು ಆಡಿಸಿ ಹೊಳಪು ಬರಿಸುವುದನ್ನು ನೋಡುತ್ತಾ ಬೆಳೆದವನು ನಾನು. ಅಲ್ಲೂ ಬಣ್ಣದ ಮೇಲೆ ಇನ್ನೊಂದು ಹೊದಿಕೆ ಇಲ್ಲ, ಹೊಳೆಯುವುದು ಅರಗೇ.

ಆದರೂ ಒಮ್ಮೆ ಎಡವಿದ್ದೇನೆ. ಈ ಕೆಲಸಕ್ಕೆ ಇಳಿದ ಮೊದಲ ವರ್ಷ ನನ್ನದೇ ಕೆಂಪು ಮಿಯಾಟಾ ಕಾರಿನ ಬಾನೆಟ್ ಅಂಚಿನಲ್ಲಿ ಪಾಲಿಶ್ ಮಾಡುವ ಯಂತ್ರವನ್ನು ಎರಡು ಕ್ಷಣ ಹೆಚ್ಚಿಗೆ ನಿಲ್ಲಿಸಿದೆ. ಬೂದು ಬಣ್ಣದ ಪ್ರೈಮರ್ ಕೂದಲೆಳೆಯಷ್ಟು ಅಗಲದಲ್ಲಿ ಇಣುಕಿತು. ಅದನ್ನು ಹಿಂದಕ್ಕೆ ಕಳಿಸುವ ಉಪಾಯ ಇಲ್ಲ. ಅಂದಿನಿಂದ ಅಂಚು ಕಂಡರೆ ಮೊದಲು ಟೇಪು, ಆಮೇಲೆ ಯಂತ್ರ. ಹಸಿ ಬಣ್ಣ ಚೂಪು ಅಂಚಿನಿಂದ ಹಿಂದೆ ಸರಿದುಕೊಂಡು ಒಣಗುವುದರಿಂದ ಅಲ್ಲಿ ಪದರ ಮೊದಲೇ ತೆಳು. ಸಾಲದ್ದಕ್ಕೆ ಪ್ಯಾಡಿನ ಒತ್ತಡವೆಲ್ಲ ಆ ಒಂದು ಗೆರೆಯ ಮೇಲೆ ಬೀಳುತ್ತದೆ.

ಮೊದಲ ದಿನವೆಲ್ಲ ಬಣ್ಣದ ದಪ್ಪ ಅಳೆಯುವುದಕ್ಕೇ ಹೋಯಿತು. 328ರ ದೇಹ ಉಕ್ಕಿನದು, ಮುಂದಿನ ಬಾನೆಟ್ ಅಲ್ಯೂಮಿನಿಯಂ. ಹೀಗಾಗಿ ಎರಡೂ ಲೋಹಗಳ ಮೇಲೆ ದಪ್ಪ ಓದಬಲ್ಲ ಗೇಜ್ ಎಂಬ ಅಳತೆಯ ಸಾಧನ ಬೇಕು. ಬಾನೆಟ್ ಮೇಲೆ 100ರಿಂದ 112 ಮೈಕ್ರಾನ್ ಬಂತು (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಬಾಗಿಲುಗಳಲ್ಲಿ 95ರ ಆಸುಪಾಸು. ಬಾಗಿಲಿನ ಹಿಂಭಾಗದಲ್ಲಿ ಗಾಳಿ ಒಳಹೋಗಲೆಂದು ಕೊರೆದಂತಿರುವ ತಗ್ಗು ಇದೆಯಲ್ಲ, ಅದರ ಮೇಲಂಚಿನಲ್ಲಿ 70. ಎಡ ಹಿಂಬದಿಯ ಫೆಂಡರ್‌ನಲ್ಲಿ ಮಾತ್ರ ಒಮ್ಮೆಲೇ 240. ಅಲ್ಲಿ ಬಿಳಿ ಬಟ್ಟೆ ಉಜ್ಜಿದರೆ ಕೆಂಪು ಹತ್ತಲೇ ಇಲ್ಲ. ಅಂದರೆ ಯಾವಾಗಲೋ ಪೆಟ್ಟು ಬಿದ್ದು, ಆಮೇಲೆ ಕ್ಲಿಯರ್ ಕೋಟ್ ಸಮೇತ ಬಣ್ಣ ಹೊಡೆಸಿದ್ದಾರೆ. ಮಾಲೀಕರಿಗೆ ಈ ಸಂಗತಿ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಫೆಂಡರ್ ಮೇಲೆ ಕೈಯಾಡಿಸಿ, "ಇರಲಿ ಬಿಡಿ" ಎಂದರು.

ನೂರು ಮೈಕ್ರಾನ್ ಎಂದರೆ ತಲೆಗೂದಲಿಗಿಂತ ತುಸು ದಪ್ಪ. ಆದರೆ ಗೇಜ್ ತೋರಿಸುವುದು ಲೋಹದಿಂದ ಮೇಲಿರುವ ಎಲ್ಲದರ ಒಟ್ಟು ದಪ್ಪವನ್ನು. ಅದರಲ್ಲಿ ಪ್ರೈಮರ್ ಎಷ್ಟು, ಬಣ್ಣ ಎಷ್ಟು ಎಂದು ಅದು ಹೇಳುವುದಿಲ್ಲ. ನೂರರಲ್ಲಿ ಅರ್ಧ ಪ್ರೈಮರ್ ಇದ್ದೀತು, ಉಳಿದರ್ಧದಲ್ಲಿ ಮೂವತ್ತೇಳು ವರ್ಷಗಳಲ್ಲಿ ಯಾರ್ಯಾರು ಎಷ್ಟೆಷ್ಟು ಉಜ್ಜಿ ತೆಗೆದಿದ್ದಾರೋ. ಇನ್ನೊಂದು ತೊಡಕೂ ಇದೆ. ಇಂಥ ಗೇಜ್‌ಗಳ ಅಳತೆ ಒಂದೇ ಜಾಗದಲ್ಲೂ ಎರಡು ಮೂರು ಮೈಕ್ರಾನ್ ಅತ್ತಿತ್ತ ಆಗುತ್ತದೆ. ನಯವಾದ ಪಾಲಿಶ್ ಒಂದು ಸುತ್ತಿಗೆ ತೆಗೆಯುವುದು ಅದಕ್ಕಿಂತ ಕಡಿಮೆ. ಹಾಗಾಗಿ ಉಜ್ಜುತ್ತಾ ಉಜ್ಜುತ್ತಾ ಅಳೆಯುತ್ತೇನೆ, ಕಡಿಮೆಯಾದರೆ ನಿಲ್ಲಿಸುತ್ತೇನೆ ಎನ್ನುವವರನ್ನು ನಾನು ನಂಬುವುದಿಲ್ಲ. ಗೇಜ್‌ನಲ್ಲಿ ಕಾಣುವಷ್ಟು ಹೋಗಿದ್ದರೆ ಆಗಲೇ ಹೆಚ್ಚು ಹೋಗಿದೆ ಎಂದರ್ಥ. ಎಷ್ಟು ಸುತ್ತು ಎಂಬುದನ್ನು ಯಂತ್ರ ಎತ್ತಿಕೊಳ್ಳುವ ಮೊದಲೇ ತೀರ್ಮಾನಿಸಿರಬೇಕು. ನಾನು ಎರಡು ಎಂದು ಬರೆದಿಟ್ಟುಕೊಂಡೆ.

ಎರಡನೆಯ ದಿನ ಉಜ್ಜುವ ಕೆಲಸವೇ ಇಲ್ಲ, ನೆನೆಸುವುದು ಮಾತ್ರ. ಬಿಸಿಲಿಗೆ ಮೇಲ್ಮೈಯ ರಾಳ ಒಡೆದು, ಬಣ್ಣದ ಕಣಗಳು ಪುಡಿಯಾಗಿ ನಿಂತಿರುತ್ತವೆ. ಬಾನೆಟ್ ಮಂಕಾಗಿ ಗುಲಾಬಿ ಬಣ್ಣಕ್ಕೆ ತಿರುಗುವುದು ಅದರಿಂದಲೇ. ಅಂಥ ಒಣಗಿದ ಬಣ್ಣದ ಮೇಲೆ ನೇರವಾಗಿ ಕಾಂಪೌಂಡ್, ಅಂದರೆ ಉಜ್ಜಿ ಸವೆಸುವ ಒರಟು ಪಾಲಿಶ್, ಹಾಕುವುದೆಂದರೆ ಒಣ ರೊಟ್ಟಿಯನ್ನು ಮಡಚಲು ಹೋದಂತೆ. ಮೆಗ್ವಾಯರ್ಸ್ ಕಂಪನಿಯವರ ಏಳನೇ ಸಂಖ್ಯೆಯ ಗ್ಲೇಜ್ ಎಂಬ ಹೊಳಪಿನ ಲೇಪ ಬಹಳ ಹಳೆಯ ಸರಕು. ಅದರಲ್ಲಿ ಉಜ್ಜಿ ಸವೆಸುವ ಕಣಗಳಿಲ್ಲ, ಎಣ್ಣೆಯಂಶ ಹೇರಳ. ಟರ್ಕಿ ಟವೆಲ್ ತುಂಡಿಗೆ ಧಾರಾಳವಾಗಿ ಸುರಿದುಕೊಂಡು, ಒಂದೊಂದೇ ಭಾಗಕ್ಕೆ ತಲೆಗೆ ಎಣ್ಣೆ ತಿಕ್ಕಿದ ಹಾಗೆ ತಿಕ್ಕಿದೆ. ದಪ್ಪಗೆ ಬಳಿದು ರಾತ್ರಿಯಿಡೀ ಹಾಗೆಯೇ ಬಿಟ್ಟೆ.

ಬೆಳಿಗ್ಗೆ ಒರೆಸಿದಾಗ ಮೊದಲ ಬಟ್ಟೆಗೆ ಹತ್ತಿದ್ದು ಸುಣ್ಣ ಬೆರೆತ ಕುಂಕುಮದಂಥ ಮಂಕು ಗುಲಾಬಿ ಪುಡಿ. ಅದು ಸತ್ತ ಬಣ್ಣ. ಮತ್ತೊಮ್ಮೆ ಬಳಿದು, ಕೆಲವು ಗಂಟೆ ಬಿಟ್ಟು ಒರೆಸಿದೆ. ಈ ಸಲ ಬಟ್ಟೆಗೆ ಬಂದದ್ದು ಗಾಢ ಕೆಂಪು, ಅದೂ ತೀರ ಸ್ವಲ್ಪ. ಇನ್ನೂ ಯಂತ್ರ ಮುಟ್ಟಿರಲಿಲ್ಲ, ಆದರೆ ಬಾನೆಟ್ ಮೇಲೆ ಗ್ಯಾರೇಜಿನ ಟ್ಯೂಬ್‌ಲೈಟ್ ನೆಟ್ಟಗೆ ಒಂದು ಗೆರೆಯಾಗಿ ಕಾಣುತ್ತಿತ್ತು. ಮಾಲೀಕರು ಚಹಾ ಲೋಟ ಹಿಡಿದು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು.

ಮೂರನೆಯ ದಿನ ಅಂಚುಗಳು, ಮಡಿಕೆಗಳು, ಮಡಚಿಕೊಳ್ಳುವ ಹೆಡ್‌ಲ್ಯಾಂಪ್ ಮುಚ್ಚಳಗಳ ಸುತ್ತಲು, ಗಾಳಿಯ ತಗ್ಗಿನ ಮೇಲಂಚು, ಹೀಗೆ ಎಲ್ಲ ಕಡೆ ಟೇಪು ಹಚ್ಚಿದೆ. ಒಂದೇ ಕಡೆ ಗಿರಗಿರ ತಿರುಗುವ ರೋಟರಿ ಯಂತ್ರವನ್ನು ಪೆಟ್ಟಿಗೆಯಿಂದ ಹೊರಗೇ ತೆಗೆಯಲಿಲ್ಲ. ತಿರುಗುತ್ತಲೇ ಅತ್ತಿತ್ತ ಆಡುವ ಡಿಎ ಯಂತ್ರಕ್ಕೆ ತೀರ ಮೆತ್ತನೆಯ ಸ್ಪಂಜಿನ ಪ್ಯಾಡ್ ಹಾಕಿ, ಕೊನೆಯ ಹಂತದಲ್ಲಿ ಬಳಸುವ ನಯವಾದ ಪಾಲಿಶ್ ಹಚ್ಚಿದೆ. ಮೊದಲು ಒಂದು ಅಡಿ ಚೌಕದ ಜಾಗದಲ್ಲಿ ಮಾತ್ರ ಪ್ರಯೋಗ. ಒತ್ತಡ ಎಂದರೆ ಯಂತ್ರದ ಸ್ವಂತ ಭಾರ, ಅಷ್ಟೇ. ಒಂದು ಭಾಗ ಮುಗಿದೊಡನೆ ಪ್ಯಾಡ್ ಬದಲಿಸುತ್ತಿದ್ದೆ. ಸಿಂಗಲ್ ಸ್ಟೇಜ್ ಬಣ್ಣ ಪ್ಯಾಡಿನೊಳಗೆ ತುಂಬಿಕೊಂಡು ಗಂಟು ಕಟ್ಟುತ್ತದೆ, ಆ ಗಂಟೇ ಹೊಸ ಗೀರು ಎಳೆಯುತ್ತದೆ. ಆ ದಿನ ಹದಿನಾಲ್ಕು ಪ್ಯಾಡ್ ಬೇಕಾದವು. ಲೋಹ 40 ಡಿಗ್ರಿ ದಾಟಿದರೆ ನಿಲ್ಲಿಸಬೇಕೆಂದು ತಾಪ ಅಳೆಯುವ ಸಾಧನವನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದೆ, ಆ ಪ್ರಸಂಗ ಬರಲಿಲ್ಲ. ಟೇಪು ಕಿತ್ತ ಮೇಲೆ ಅಂಚುಗಳನ್ನು ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೈಯಲ್ಲೇ ಮುಗಿಸಿದೆ.

ಚಾಲಕನ ಬಾಗಿಲಲ್ಲಿ ಕೈಯಗಲದ ಒಂದು ಗೀರು ಉಳಿಯಿತು. ಉಗುರು ಆಡಿಸಿದರೆ ಸಿಕ್ಕಿಕೊಳ್ಳುವಷ್ಟು ಆಳ. "ಇದೊಂದು ತೆಗೆಯಲು ಆಗುವುದಿಲ್ಲವೇ?" ಎಂದು ಮಾಲೀಕರು ಕೇಳಿದರು. "ಆಗುತ್ತದೆ ಸರ್. ಆದರೆ ಗೀರಿನ ತಳ ಮುಟ್ಟುವವರೆಗೆ ಅದರ ಸುತ್ತಲಿನ ಬಣ್ಣವನ್ನೆಲ್ಲ ಇಳಿಸಬೇಕು. ಇಲ್ಲಿ ಇರುವುದು 93. ನಾನು ಮಾಡುವುದಿಲ್ಲ" ಎಂದೆ. ಬಣ್ಣದ ಪದರದಲ್ಲಿ ಗೀರೊಂದು ಇರುವುದು, ಗೀರಿಲ್ಲದೆ ಪ್ರೈಮರ್ ಕಾಣುವುದಕ್ಕಿಂತ ಎಷ್ಟೋ ಮೇಲು. ಈ ಮಾತಿನಲ್ಲಿ ನಾನು ಯಾವ ಗಿರಾಕಿಗೂ ಬಗ್ಗಿಲ್ಲ.

ನಾಲ್ಕನೆಯ ದಿನ ಕಾರ್ನೌಬಾ ಮೇಣ, ಎರಡು ತೆಳು ಪದರ. ಸೆರಾಮಿಕ್ ಹೊದಿಕೆ ಹಾಕಿಸೋಣವೇ ಎಂದು ಅವರು ವಿಚಾರಿಸಿದ್ದರು. ಅದು ಅಂಟಿಕೊಳ್ಳಬೇಕಾದರೆ ಮೇಲ್ಮೈಯ ಎಣ್ಣೆಯಂಶವನ್ನೆಲ್ಲ ದ್ರಾವಕದಿಂದ ಒರೆಸಿ ತೆಗೆಯಬೇಕು. ರಾತ್ರಿಯಿಡೀ ಬಣ್ಣಕ್ಕೆ ಕುಡಿಸಿದ್ದ ಎಣ್ಣೆಯನ್ನು ಒರೆಸಿ ಹಾಕಲು ನನಗೆ ಮನಸ್ಸಾಗಲಿಲ್ಲ. ಮೇಲಾಗಿ ಮುಂದೊಂದು ದಿನ ಆ ಹೊದಿಕೆ ತೆಗೆಯಬೇಕೆಂದರೆ ಮತ್ತೆ ಉಜ್ಜಲೇಬೇಕು. ಮೇಣವಾದರೆ ಕೆಲವು ತಿಂಗಳಿಗೊಮ್ಮೆ ಅವರೇ ಹಚ್ಚಿಕೊಳ್ಳಬಹುದು.

ಹೊರಡುವ ಮುನ್ನ ಕಾರಿನ ಚಿತ್ರ ಬರೆದ ಒಂದು ರಟ್ಟಿನ ಹಾಳೆಯಲ್ಲಿ ಪ್ರತಿ ಭಾಗದ ಅಳತೆ, ಬಳಸಿದ ಪಾಲಿಶ್, ಎಷ್ಟು ಸುತ್ತು ಎಂದು ತುಂಬಿಸಿ, ತಾರೀಖು ಹಾಕಿ, ಕಾರಿನ ಕಾಗದಪತ್ರಗಳ ಚೀಲದಲ್ಲಿಟ್ಟೆ. ಹತ್ತು ವರ್ಷಗಳ ನಂತರ ಈ ಕಾರು ಯಾರ ಕೈಗೆ ಬರುತ್ತದೋ ಅವರಿಗೆ ಬೇಕಾಗುತ್ತದೆ. ಬಾಗಿಲಿನ ಗಾಳಿಯ ತಗ್ಗಿನ ಎದುರು ಕೆಂಪು ಶಾಯಿಯಲ್ಲಿ ಬರೆದೆ: "ಮೇಲಂಚು 70. ಯಂತ್ರ ತಾಗಿಸಿಲ್ಲ, ನೀವೂ ತಾಗಿಸಬೇಡಿ."